ಎಡಗಡೆಯ ಸದ್ದು

ಇವತ್ತು ಮಧ್ಯಾಹ್ನ ಮುದ್ದೆ ಮುರಿಯುವಾಗ ಬೆರಳಿನಿಂದ ಪೆಟ್ರೋಲ್ ವಾಸನೆ ಬಂತು. ಎರಡು ಸಲ ಸೋಪು ಹಾಕಿ, ಉಗುರಿನ ಸಂದಿಗೆ ಹಳೆಯ ಬ್ರಷ್ಷು ತಿಕ್ಕಿ ತೊಳೆದಿದ್ದೆ, ಆದರೂ ಹೋಗಿರಲಿಲ್ಲ. ಬೆಳಿಗ್ಗೆ ಕಾರಿನ ಪ್ಲಗ್ಗುಗಳನ್ನು ಬಿಚ್ಚಿ, ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಮತ್ತೆ ಕೂರಿಸಿದ್ದೆ. ನಿಜ ಹೇಳಬೇಕೆಂದರೆ ಅವಕ್ಕೆ ಏನೂ ಆಗಿರಲಿಲ್ಲ. ಭಾನುವಾರ ಬಂದರೆ ಬಾನೆಟ್ಟು ಎತ್ತುವುದು ಈಗ ಒಂದು ಚಟವಾಗಿದೆ, ಬೇರೆಯವರಿಗೆ ಎಲೆಯಡಿಕೆ ಇರುವ ಹಾಗೆ. ಮುದ್ದೆಯಲ್ಲಿ ಗಂಟುಗಳಿದ್ದವು. ತೊಳಸಿದವನು ನಾನೇ, ಯಾರನ್ನು ಬೈಯಲಿ? ಕಾರ್ಬುರೇಟರ್ ಬಿಚ್ಚಿ ಜೋಡಿಸಬಲ್ಲ ಮನುಷ್ಯನಿಗೆ ಗಂಟಿಲ್ಲದ ಮುದ್ದೆ ಮಾಡಲು ಬರುವುದಿಲ್ಲ ಎಂದರೆ ನೀವು ನಗಬಹುದು. ಅಕ್ಕ ಇದ್ದಿದ್ದರೆ ಅವಳೂ ನಗುತ್ತಿದ್ದಳು.

ಈ ರಿಪೇರಿ ವಿದ್ಯೆ ನನಗೆ ಹುಟ್ಟಿನಿಂದ ಬಂದದ್ದಲ್ಲ. ನಾನು ಮಳವಳ್ಳಿಯ ಹೈಸ್ಕೂಲೊಂದರಲ್ಲಿ ಸಮಾಜ ಪಾಠ ಮಾಡಿ ನಿವೃತ್ತನಾದವನು. ಮನೆಯಲ್ಲಿ ಬಲ್ಬು ಹೋದರೂ ಅಕ್ಕನನ್ನೇ ಕೂಗುತ್ತಿದ್ದೆ. ಅವಳು ಸ್ಟೂಲು ಹತ್ತಿ ಬದಲಾಯಿಸುತ್ತಿದ್ದಳು, ನಾನು ಕೆಳಗೆ ನಿಂತು ಹುಷಾರು ಹುಷಾರು ಅನ್ನುತ್ತಿದ್ದೆ. ಮನೆಯಲ್ಲಿ ಇದ್ದದ್ದು ನಾವಿಬ್ಬರೇ. ಅವ್ವ ಹೋದಾಗ ನನಗೆ ಆರು ವರ್ಷ, ಅಕ್ಕನಿಗೆ ಹದಿನಾರು. ಅಲ್ಲಿಂದಾಚೆಗೆ ನನಗೆ ಅವ್ವ ಎಂದರೂ ಅವಳೇ. ಅವ್ವನ ಮುಖವಾಗಲೀ ದನಿಯಾಗಲೀ ನನಗೆ ನೆನಪಿಲ್ಲ. ನನ್ನ ಬಳಿ ಇದ್ದ ಅವ್ವನೆಂದರೆ ಅಕ್ಕ ಆಗೀಗ ಹೇಳಿದ ನಾಲ್ಕು ಮಾತು.

ನಮ್ಮ ಬಿಳಿ ಕಾರಿಗೆ ಆಗಲೇ ಇಪ್ಪತ್ತೈದು ವರ್ಷ ದಾಟಿತ್ತು. ಮದುವೆಗೋ ಸಾವಿಗೋ ಹೊರಡುವಾಗ ಮಾತ್ರ ಅದರ ಮೇಲಿನ ಬಟ್ಟೆ ತೆಗೆಯುತ್ತಿದ್ದೆವು. ಅಷ್ಟರಲ್ಲಿ ಅಕ್ಕನ ಕಿಡ್ನಿ ಎರಡೂ ಕೈಕೊಟ್ಟವು. ಮಂಗಳವಾರ, ಶುಕ್ರವಾರ ಮಂಡ್ಯಕ್ಕೆ ಹೋಗಬೇಕು, ನಾಲ್ಕು ಗಂಟೆ ಡಯಾಲಿಸಿಸ್ ಮೆಷಿನ್ನಿನ ಪಕ್ಕ ಮಲಗಬೇಕು, ಸುಸ್ತಾಗಿ ವಾಪಸ್ಸು ಬರಬೇಕು. ಬಸ್ಸು ಹತ್ತಿದರೆ ವಾಂತಿ. ಹೊಸ ಕಾರು ತರೋಣ ಅಂದೆ.

"ನಂಗೋಸ್ಕರ ಒಸಾ ಕಾರ್ ಯಾಕ್ಲಾ? ಅದೂ ಅಳೇದು, ನಾನೂ ಅಳೇದು. ಎಂಗೋ ಜೊತೇಲಿ ಓಯ್ತಾ ಇರ್ತೀವಿ ಬುಡು" ಅಂದಳು.

ಜೊತೆಯಲ್ಲಿ ಹೋಗುತ್ತಲೇ ಇದ್ದೆವು, ಒಂದು ಶುಕ್ರವಾರದ ತನಕ. ಆವತ್ತು ಕೆ.ಎಂ. ದೊಡ್ಡಿ ದಾಟಿ ಮದ್ದೂರಿನ ಕಡೆ ಹೋಗುವಾಗ ಫ್ಯಾನ್ ಬೆಲ್ಟು ತುಂಡಾಗಿ ಎಂಜಿನ್ನು ಕುದಿದುಹೋಯಿತು. ಕಬ್ಬು ತುಂಬಿದ ಟ್ರಾಕ್ಟರುಗಳು ಒಂದಾದ ಮೇಲೊಂದು ಹೋಗುತ್ತಿದ್ದವು, ನಾನು ಕೈ ಅಡ್ಡ ಹಾಕುತ್ತಲೇ ಇದ್ದೆ. ಕೊನೆಗೆ ಯಾರದೋ ಆಟೋದಲ್ಲಿ ಮಂಡ್ಯ ಮುಟ್ಟುವ ಹೊತ್ತಿಗೆ ಅಕ್ಕನ ಸರದಿ ಬೇರೆಯವರಿಗೆ ಹೋಗಿತ್ತು. ನಾಳೆ ಬನ್ನಿ ಅಂದರು. ಮರುದಿನ ಮೆಷಿನ್ನಿಗೆ ಹಾಕುವ ತನಕ ಅವಳು ಮಲಗಲಾರದೆ, ಗೋಡೆಗೆ ಒರಗಿ ಕೂತೇ ಉಸಿರೆಳೆದಳು. ಅವಳ ಪಕ್ಕ ಕೂತು ನಾನು ಒಂದು ತೀರ್ಮಾನಕ್ಕೆ ಬಂದೆ. ಈ ಕಾರು ಇನ್ನೊಂದು ಸಲ ದಾರಿಯಲ್ಲಿ ನಿಲ್ಲಕೂಡದು.

ನಮ್ಮ ಮೆಕ್ಯಾನಿಕ್ ಪುಟ್ಟಸ್ವಾಮಿಗೆ ಮಂಡಿನೋವು. ಅಂಗಡಿ ಮುಚ್ಚುವ ಆಲೋಚನೆಯಲ್ಲಿದ್ದ. ನನ್ನ ಕಥೆ ಕೇಳಿ, "ಸಾ, ಪ್ರತಿ ಸಲ ನಾನೆಲ್ಲಿ ದೊಡ್ಡಿಗಂಟ ಓಡ್ಬರ್ಲಿ? ನೀವೇ ಕಲ್ತ್ಕಳಿ. ಅದೇನು ಬ್ರಮ್ಮವಿದ್ಯೆ ಅಲ್ಲ" ಅಂದ. ಹಾಗೆ ಅರವತ್ತೊಂದನೆಯ ವಯಸ್ಸಿನಲ್ಲಿ ನಾನು ಸ್ಪ್ಯಾನರ್ ಹಿಡಿದೆ. ಬೆಲ್ಟು ಹಾಕುವುದು ಕಲಿತೆ, ಬೆರಳು ಜಜ್ಜಿಕೊಂಡೆ. ಪ್ಲಗ್ಗಿನ ವೈರುಗಳನ್ನು ಅದಲುಬದಲು ಕೂರಿಸಿ, ಕಾರು ಕೆಮ್ಮಿದರೆ ಪೆಟ್ರೋಲು ಸರಿಯಿಲ್ಲ ಎಂದು ದೂರಿದೆ. ಒಂದು ದಿನ ಎಲ್ಲ ಜೋಡಿಸಿ ಮುಗಿಸಿದ ಮೇಲೂ ಒಂದು ನಟ್ಟು ಕೈಯಲ್ಲೇ ಉಳಿಯಿತು. ಇದೆಲ್ಲಿಯದು ಎಂದು ಕೇಳಿದೆ.

"ಜೋಬ್ಗಾಕಳಿ ಸಾ. ಗಾಡಿ ಎಲ್ಲಿ ನಿಲ್ತದೋ ಅಲ್ಲೀದು" ಅಂದ ಪುಟ್ಟಸ್ವಾಮಿ.

ಅವನು ಕಲಿಸಿದ ಮುಖ್ಯ ಪಾಠ ಮಾತ್ರ ಸ್ಪ್ಯಾನರಿನದಲ್ಲ. "ಗಾಡಿ ಕೆಡಾಕ್ ಮುಂಚೆ ಯೋಳೇ ಯೋಳ್ತದೆ ಸಾ. ಯಾವ್ದಾರಾ ಒಂದ್ ಸದ್ ಮಾಡ್ತದೆ. ನೀವು ಕಿವಿ ಕೊಡ್ಬೇಕು ಅಷ್ಟೆ."

ನಾನು ಕಿವಿ ಕೊಟ್ಟೆ. ನಮ್ಮಂಥ ಮೇಷ್ಟ್ರುಗಳಿಗೆ ಏನನ್ನಾದರೂ ಹೊಸದಾಗಿ ಕಲಿತರೆ ಅದೊಂದು ಜ್ವರ. ಬೇರಿಂಗಿನ ಗೊರಗೊರ, ಬೆಲ್ಟಿನ ಕೀಚಲು, ಸೈಲೆನ್ಸರಿನ ನಡುಕ, ಒಂದೊಂದನ್ನೂ ಬೇರೆ ಮಾಡಿ ಕೇಳುವಷ್ಟು ಪಳಗಿದೆ. ಇದಕ್ಕೆ ಅಡ್ಡಿ ಎಂದರೆ ಒಂದೇ, ಅಕ್ಕನ ಮಾತು.

ಅವಳು ಮಾತಿನ ಮಲ್ಲಿ. ಮಳವಳ್ಳಿ ಬಿಟ್ಟರೆ ಮಂಡ್ಯದವರೆಗೆ ಅವಳಿಗೆ ಗೊತ್ತಿಲ್ಲದ ಮನೆಯಿಲ್ಲ. ಈ ಮನೆಯವರು ಎಮ್ಮೆ ಮಾರಿದ್ದು, ಆ ಮನೆಯ ಸೊಸೆ ತವರಿಗೆ ಹೋಗಿ ಬಾರದೆ ಕೂತದ್ದು, ಎಲ್ಲ ಹೇಳುವಳು. ಡಾಕ್ಟರು ದಿನಕ್ಕೆ ಇಷ್ಟೇ ನೀರು ಎಂದು ಕಟ್ಟುನಿಟ್ಟು ಮಾಡಿದ್ದರಿಂದ ಒಂದು ಪುಟ್ಟ ಸ್ಟೀಲ್ ಲೋಟ ಅವಳ ಕೈಚೀಲದಲ್ಲೇ ಇರುತ್ತಿತ್ತು. ಅದರಲ್ಲಿ ಎರಡು ಗುಟುಕು ಕುಡಿದು ಮತ್ತೆ ಮಾತು. ಸ್ವಲ್ಪ ಸುಮ್ಮನಿರಕ್ಕ, ಸದ್ದು ಕೇಳಬೇಕು ಎಂದು ನಾನು ಗದರುತ್ತಿದ್ದೆ.

"ಅದ್ರ ಒಟ್ಟೆನೋವ್ ಕೇಳ್ತೀಯ, ನನ್ ಮಾತ್ ಕೇಳಾಕಿಲ್ವೇನ್ಲಾ?" ಎಂದು ಮೊದಮೊದಲು ನಕ್ಕಳು. ಆಮೇಲೆ ನಗುವುದು ಬಿಟ್ಟಳು. ಕೊನೆಕೊನೆಗೆ ಏನಾದರೂ ಹೇಳಬೇಕೆನಿಸಿದರೆ ನನ್ನ ಕ್ಲಾಸಿನ ಮಕ್ಕಳ ಹಾಗೆ ಬೆರಳು ಎತ್ತುತ್ತಿದ್ದಳು. ನಾನು ತಲೆಯಾಡಿಸಿದರೆ ಮಾತು, ಇಲ್ಲದಿದ್ದರೆ ಇಲ್ಲ. ನನ್ನನ್ನು ಎತ್ತಿ ಆಡಿಸಿದವಳು ನನ್ನ ಅಪ್ಪಣೆಗೆ ಕಾಯುತ್ತಿದ್ದಳು. ನನಗೆ ಆಗ ಅದರಲ್ಲಿ ತಪ್ಪೇನೂ ಕಾಣಲಿಲ್ಲ ಎಂಬುದನ್ನು ನಾಚಿಕೆಯಿಂದಲೇ ಹೇಳುತ್ತಿದ್ದೇನೆ.

ಕಳೆದ ಮಾಘದಲ್ಲಿ ಎಡಗಡೆಯಿಂದ ಒಂದು ಹೊಸ ಸದ್ದು ಶುರುವಾಯಿತು. ಟಕ್, ಟಕ್. ರಸ್ತೆ ಸರಿಯಿದ್ದಾಗ ಇಲ್ಲ, ಹಳ್ಳ ಬಂದಾಗ ಉಂಟು. ಮುಂದಿನ ಚಕ್ರದ ಜಾಯಿಂಟು ಸಡಿಲವಾದರೆ ಚಕ್ರವೇ ಮಗುಚಿಕೊಳ್ಳುತ್ತದೆ ಎಂದು ಪುಟ್ಟಸ್ವಾಮಿ ಹೆದರಿಸಿದ್ದ. ಆ ಮಂಗಳವಾರ ವಾಪಸ್ಸು ಬರುವಾಗ ನನ್ನ ಜೀವವೆಲ್ಲ ಕಿವಿಯಲ್ಲಿತ್ತು. ದೊಡ್ಡಿ ಕಳೆದ ಮೇಲೆ ನಾಲೆಗೆ ಅಡ್ಡಲಾಗಿ ಒಂದು ಮೋರಿ ಇದೆ. ಅದು ಹತ್ತಿರ ಬಂದಾಗ ಅಕ್ಕ ಬೆರಳೆತ್ತಲಿಲ್ಲ, ನೇರ ಮಾತಿಗೇ ಬಂದಳು.

"ಇಲ್ಲೇ ಕಣ್ಲಾ, ಈ ಮೋರಿ ಮ್ಯಾಲೆ. ನಿನ್ನ ಮಡ್ಲಲ್ಲಿ ಆಕ್ಕೊಂಡು ಅವ್ವ ಬೆಳಗ್ಗಿಂದ ಸಂಜೆಗಂಟ ಕೂತಿತ್ತು. ನೀನು ಆಗ ಮೂರ್ ತಿಂಗ್ಳ ಕೂಸು. ಯಾಕೆ ಅಂತ ನಿಂಗ್ ಯೋಳೇ ಇಲ್ಲ ನಾನು..."

ಟಕ್, ಟಕ್, ಟಕ್.

"ಸುಮ್ಕಿರಕ್ಕ ಒಸಿ! ಸದ್ದು ಬತ್ತಾ ಅದೆ!"

ಅವಳು ಸುಮ್ಮನಾದಳು. ಮಳವಳ್ಳಿ ಬರುವ ತನಕ ಕಿಟಕಿಯ ಕಡೆ ತಿರುಗಿಕೊಂಡಿದ್ದಳು. ಮನೆ ಮುಟ್ಟಿದವನೇ ನಾನು ಜಾಕು ಹಾಕಿ ಚಕ್ರ ಬಿಚ್ಚಿದೆ. ಅಕ್ಕ ಏನು ಹೇಳಲು ಬಂದಳು ಎಂದು ಆವತ್ತು ಕೇಳಲಿಲ್ಲ, ಮರುದಿನವೂ ಕೇಳಲಿಲ್ಲ. ಕೇಳಬೇಕೆನ್ನುವುದೇ ಮರೆತುಹೋಯಿತು. ಇದ್ದಬದ್ದ ನಟ್ಟುಗಳನ್ನೆಲ್ಲ ಬಿಗಿ ಮಾಡಿದೆ, ಸದ್ದು ಹೋಗಲಿಲ್ಲ. ಮುಂದಿನ ವಾರ ಮೆಷಿನ್ನಿನಲ್ಲಿ ಮಲಗಿದ್ದಾಗಲೇ ಅಕ್ಕನ ಹೃದಯ ನಿಂತುಹೋಯಿತು. ಆವತ್ತು ಕಾರು ಸರಿಯಾದ ಹೊತ್ತಿಗೆ ಮಂಡ್ಯ ಮುಟ್ಟಿತ್ತು.

ಕಾರ್ಯವೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಕಾರು ತೊಳೆಯಲು ಹೋಗಿ ಎಡಗಡೆಯ ಸೀಟು ಬಿಚ್ಚಿ ಹೊರಗಿಟ್ಟೆ. ಸೀಟಿನ ಕೆಳಗಿನ ಕಂಬಿಗೆ ಒತ್ತಿಕೊಂಡು ಅಕ್ಕನ ಲೋಟ ಬಿದ್ದಿತ್ತು. ಕೈಯಲ್ಲಿ ಹಿಡಿದು ಕಂಬಿಗೆ ತಾಗಿಸಿದೆ. ಅದೇ ಸದ್ದು. ಆ ವಾರವೆಲ್ಲ ಅವಳು ಲೋಟ ಎಲ್ಲಿ ಹೋಯಿತೋ ಎಂದು ಚೀಲ ತಡಕುತ್ತಿದ್ದಳು, ನಾನು ಸದ್ದು ಎಲ್ಲಿಂದ ಬರುತ್ತದೋ ಎಂದು ಚಕ್ರ ಬಿಚ್ಚುತ್ತಿದ್ದೆ. ಅಂಗಳದಲ್ಲಿ ಬಿಚ್ಚಿಟ್ಟ ಸೀಟಿನ ಮೇಲೆ ಕೂತು ಬಾಯಿಬಿಟ್ಟು ಅತ್ತೆ. ಪಕ್ಕದ ಮನೆಯವರು ಕಾಂಪೌಂಡಿನ ಆಚೆ ಬಂದು ನಿಂತು ನೋಡಿ ಒಳಗೆ ಹೋದರು.

ಈಗ ಕಾರಿನಲ್ಲಿ ಯಾವ ಸದ್ದೂ ಇಲ್ಲ. ಇವತ್ತು ಊಟ ಮಾಡಿ ಕೈ ತೊಳೆದು, ಪ್ಲಗ್ಗು ಹೇಗೆ ಕೂತಿದೆ ನೋಡೋಣ ಎಂದು ನೆಪ ಹೇಳಿಕೊಂಡು ಹೊರಟೆ. ಆ ಮೋರಿಯನ್ನು ಇಷ್ಟು ದಿನ ಕಣ್ಣು ತಪ್ಪಿಸಿ ದಾಟುತ್ತಿದ್ದೆ. ಇವತ್ತು ಕಾರು ಪಕ್ಕಕ್ಕೆ ಹಾಕಿ ಹೋಗಿ ಕೂತೆ. ಕೆಳಗೆ ನಾಲೆ ತುಂಬಿ ಹರಿಯುತ್ತಿತ್ತು. ಮೂರು ತಿಂಗಳ ಕೂಸು ಎತ್ತಿಕೊಂಡು ಹೆಂಗಸೊಬ್ಬಳು ಇಡೀ ದಿನ ನಾಲೆಯ ಮೇಲೆ ಕೂತಿದ್ದಳು ಎಂದರೆ ಮನಸ್ಸು ಎಲ್ಲಿಗೆ ಹೋಗುತ್ತದೆ ಎಂದು ನಿಮಗೂ ಗೊತ್ತು. ಅಥವಾ ತವರಿನವರು ಯಾರೋ ಬರುತ್ತೇವೆ ಎಂದು ಹೇಳಿ ಬಾರದೇ ಹೋಗಿರಬಹುದು. ಸಂಜೆ ಎದ್ದು ಮನೆಗೆ ಬಂದಳು ಎಂಬುದಂತೂ ನಿಜ, ನಾನು ಇದ್ದೇನಲ್ಲ. ಯಾಕೆ ಕೂತಳು, ಏನು ನೆನೆದು ಎದ್ದಳು ಎಂದು ಗೊತ್ತಿದ್ದವಳು ಅಕ್ಕ ಒಬ್ಬಳೇ.

ಹುಲ್ಲಿನ ಹೊರೆ ಹೊತ್ತ ಮುದುಕನೊಬ್ಬ ಬಂದು ಮೋರಿಯ ಮೇಲೆ ಹೊರೆ ಇಳಿಸಿದ. ಕಾರು ನೋಡಿದ, ನನ್ನನ್ನು ನೋಡಿದ.

"ಯಾಕ್ ಸಾ, ಗಾಡಿ ಕೆಟ್ಟೋಯ್ತಾ?"

"ಇಲ್ಲ ಕಣಣ್ಣ, ಗಾಡಿಗೇನಾಗಿಲ್ಲ."

"ಮತ್ಯಾಕ್ ಕೂತಿದ್ದೀರಿ ಬಿಸ್ಲಲ್ಲಿ?"

"ನಮ್ಮವ್ವ ಒಂದಿನ ಇಲ್ಲಿ ಕೂತಿತ್ತಂತೆ, ನನ್ನ ಎತ್ಕೊಂಡು."

"ಯಾಕೆ?"

ಇಷ್ಟು ತಿಂಗಳಲ್ಲಿ ಯಾರ ಹತ್ತಿರವೂ ಬಾಯಿಬಿಟ್ಟು ಹೇಳಿರಲಿಲ್ಲ.

"ಅಕ್ಕ ಯೋಳಾಕ್ ಬಂತು ಕಣಣ್ಣ" ಅಂದೆ. "ನಾನೇ ಸುಮ್ಕಿರು ಅಂದ್ಬುಟ್ಟೆ."