ಒಬ್ಬೊಬ್ರಽ ಬರ್ರಿ

ನಮ್ಮ ಬಾಜೂ ಮನೆಯ ಫೌಜಿ ಕಾಕಾ ಕಡಲಾಚೆಯ ಬಸರಾದ ಲಡಾಯಿಯಿಂದ ಕಲ್ಲೋಳಿಗೆ ಮರಳಿದ ಮೇಲೆ ಹೆಚ್ಚಾಗಿ ಆಡುತ್ತಿದ್ದುದು ಒಂದೇ ಮಾತು: "ಒಬ್ಬೊಬ್ರಽ ಬರ್ರಿ." ಊಟಕ್ಕೆ ಕರೆಯುವಾಗಲೂ ಅದೇ, ಹೊಸ್ತಿಲಲ್ಲಿ ನಾಲ್ಕು ಮಂದಿ ಕೂಡಿದರೂ ಅದೇ. ಅಲ್ಲೊಂದು ಹೊಳೆಯ ಸೇತುವೆ ದಾಟುವಾಗ ಜೊತೆಯವರನ್ನು ಕಳೆದುಕೊಂಡರಂತೆ. ಅದಕ್ಕಿಂತ ಹೆಚ್ಚು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ.

ಮದುವೆಯಾದ ಮೇಲೆ ನಾನು ಮೊದಲ ಸಲ ಪಂಚಮಿಗೆ ತವರಿಗೆ ಬಂದಿದ್ದೆ. ಹಬ್ಬದ ಮರುದಿನ ಎರಡೂ ಮನೆಯವರು ಬುತ್ತಿ ಕಟ್ಟಿಕೊಂಡು ಗೋಕಾಕದ ದಬದಬಿ ಜಲಪಾತ ನೋಡಲು ಹೋದೆವು. ತೂಗುಸೇತುವೆಯ ಬಳಿ ನಮ್ಮಣ್ಣ ಕಾಕಾನ ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿ, "ಇವತ್ತ ನೀವು ಸುಭೇದಾರ್ರು, ನಾವು ನಿಮ್ಮ ಪಲ್ಟನ್ನು. ಮುಂದ ನಡೀರಿ," ಅಂದ. ಅದು ನಾವು ಮಾಡಿದ ಸನ್ಮಾನ.

ನಗುತ್ತ ಸಾಲುಗಟ್ಟಿ, ಎಡ ಬಲ ಎಂದು ಹೆಜ್ಜೆ ಕೂಡಿಸಿದೆವು. ನಡುವಿಗೆ ಬರುವಷ್ಟರಲ್ಲಿ ಸೇತುವೆ ಜೋಕಾಲಿಯಂತೆ ಜೀಕತೊಡಗಿತು. ಕೆಳಗೆ ಕೆಂಪು ನೀರು ಕಮರಿಗೆ ಬೀಳುತ್ತಿತ್ತು. ಕಾಕಾ ತಿರುಗಿದರು. ಅಂಥ ಮುಖವನ್ನು ನಾನು ಮತ್ತೆ ಕಂಡಿಲ್ಲ.

"ಹೆಜ್ಜಿ ಕೂಡಿಸಬ್ಯಾಡ್ರಿ! ನಿಂದರ್ರಿ! ಒಬ್ಬೊಬ್ರಽ ಬರ್ರಿ!"

ಹಗ್ಗ ಹಿಡಿದು ನಿಂತೆವು. ಅವರು ಆಚೆ ದಂಡೆಗೆ ಹೋಗಿ ಕೈ ಚಾಚಿದರು. ದಾಟಿ ಬಂದ ಒಬ್ಬೊಬ್ಬರ ತಲೆ ಮುಟ್ಟಿ ಎಣಿಸಿದರು. ಕೊನೆಯವಳು ನಾನು.

"ಎಲ್ಲಾರೂ ಬಂದ್ವಿ, ಕಾಕಾ. ನಡೀರಿ, ಹೋಗೂಣು," ಅಂದೆ.

ಅವರು ಚಾಚಿದ ಕೈ ಇಳಿಸಲಿಲ್ಲ. ಖಾಲಿ ಸೇತುವೆ ಇನ್ನೂ ತೂಗುತ್ತಿತ್ತು.

"ತಡಿಯವಾ," ಅಂದರು, "ಇನ್ನೂ ಬರೋರು ಅದಾರ."