ಮಡಿಯಲ್ಲಿದ್ದ ಚಿಟ್ಟೆ

ಸನ್ನಿವೇಲಿನ ನಮ್ಮ ಬಾಲ್ಕನಿಯಲ್ಲಿ ನವೆಂಬರಿನ ಒಂದು ಬೆಳಿಗ್ಗೆ ಮೊನಾರ್ಕ್ ಚಿಟ್ಟೆಯೊಂದು ಚಳಿಗೆ ಮರಗಟ್ಟಿ ಹೂವಿನ ಕುಂಡಕ್ಕೆ ಅಂಟಿಕೊಂಡಿತ್ತು. ಆಫೀಸಿನ ಮೀಟಿಂಗನ್ನು ಮ್ಯೂಟ್ ಮಾಡಿ, ಒಂದು ಕೈಯಲ್ಲಿ ಹೇರ್ ಡ್ರೈಯರ್ ಹಿಡಿದು, ವನ್ಯಜೀವಿ ಸಹಾಯವಾಣಿಗೆ ಫೋನ್ ಮಾಡಿದೆ.

"ಮೊದಲು ಆ ಡ್ರೈಯರ್ ಆಫ್ ಮಾಡಿ," ಅಂದಳು ಸದ್ದು ಕೇಳಿಸಿಕೊಂಡ ಸಹಾಯವಾಣಿಯಾಕೆ. "ಪರ್ಮಿಟ್ ಇಲ್ಲದೆ ಮೊನಾರ್ಕನ್ನು ಮುಟ್ಟೋ ಹಾಗಿಲ್ಲ. ಬಿಸಿಲು ಬಿದ್ದರೆ ತಾನೇ ಹಾರುತ್ತೆ."

ಚಿಟ್ಟೆಗೆ ಹೊದಿಸಲು ಉಲ್ಲನ್ ಟೋಪಿ ಹಿಡಿದು ನಿಂತಿದ್ದ ನಮ್ಮತ್ತೆಗೆ, "ಮುಟ್ಟಬಾರದಂತೆ" ಅಂದೆ. ಮೈಸೂರಿನಿಂದ ಬಂದಿದ್ದ ಅತ್ತೆ ಯಾಕೆ ಅಂತಲೂ ಕೇಳಲಿಲ್ಲ. "ಮಡೀಲಿದೆ ಅನ್ನು," ಅಂತ ಎರಡು ಹೆಜ್ಜೆ ಹಿಂದೆ ಸರಿದರು.

ಬಾಲ್ಕನಿಯಲ್ಲಿ ಬಿಸಿಲು ಬೀಳುವ ಒಂದೇ ಜಾಗದಲ್ಲಿ ಅವರ ಸಂಡಿಗೆ ಒಣಗುತ್ತಿತ್ತು. ಅದನ್ನು ತಾವೇ ಎತ್ತಿಟ್ಟು ಜಾಗ ಬಿಟ್ಟುಕೊಟ್ಟರು. "ನಿಂದಿನ್ನೂ ಸ್ನಾನ ಆಗಿಲ್ಲ. ಕುಂಡಾನ ಕೋಲಲ್ಲಿ ತಳ್ಳು" ಅಂದರು. ಬಿಸಿಲು ಸರಿದ ಹಾಗೆಲ್ಲ, ಮೀಟಿಂಗು ಕೇಳುತ್ತಾ, ಮಾಪಿನ ಕೋಲಲ್ಲಿ ಕುಂಡ ತಳ್ಳಿದೆ.

ಹನ್ನೊಂದಕ್ಕೆ ಚಿಟ್ಟೆ ರೆಕ್ಕೆ ಅದುರಿಸಿ ಎದ್ದು, ನೇರ ಬಂದು ನನ್ನ ಮೂಗಿನ ಮೇಲೆ ಕೂತು, ಆಮೇಲೆ ಹಾರಿಹೋಯಿತು.

"ಮುಟ್ಟೇಬಿಟ್ಟೆಯಲ್ಲೇ!" ಅಂದರು ಅತ್ತೆ.

ಕಾನೂನಿನ ಪ್ರಕಾರ ಮುಟ್ಟಿದ್ದು ಚಿಟ್ಟೆ. ಅತ್ತೆಯ ಪ್ರಕಾರ ಈಗಲೂ ನಾನೇ.