ಯಾರೂ ಬಿಡಿಸದ ಸಾಲು

ಕಣ್ಣಾರೆ ಕಂಡದ್ದನ್ನೂ ಇನ್ನೊಬ್ಬರನ್ನು ಕೇಳಿ ಖಚಿತಪಡಿಸಿಕೊಂಡೇ ಬರೆಯುವುದು ನನ್ನ ಕಸುಬು. ರಾಯಚೂರಿನಲ್ಲಿ ವರದಿಗಾರನಾಗಿ, ದೆವ್ವ-ಆತ್ಮದ ಸುದ್ದಿಗಳನ್ನು ನಗುತ್ತಲೇ ಕಸದ ಬುಟ್ಟಿಗೆ ಹಾಕಿದವನು ನಾನು. ಇಂದಿಗೂ ಅಂಥವನ್ನು ನಂಬುವುದಿಲ್ಲ. ಆದರೆ ದೇವದುರ್ಗದ ಹತ್ತಿರದ ಒಂದು ಹೊಲದಲ್ಲಿ ಕಂಡದ್ದನ್ನು ಏನೆಂದು ಕರೆಯಬೇಕೋ ತಿಳಿದಿಲ್ಲ.

ನನ್ನ ತಂಗಿ ಸುಜಾತಾ ಆಪ್ತ ಸಮಾಲೋಚಕಿ. ನಮ್ಮವ್ವ ಕಲ್ಮಲದ ಹೊಲಗಳಲ್ಲಿ ಹತ್ತಿ ಬಿಡಿಸಿ ನಮ್ಮಿಬ್ಬರನ್ನೂ ಓದಿಸಿದಳು. ಸುಜಾತಾಳ ಬಳಿಗೆ ಯಲ್ಲಮ್ಮ ಎಂಬ ಕೂಲಿ ಹೆಣ್ಣುಮಗಳನ್ನು ಕರೆತಂದಿದ್ದರು. ಹತ್ತಿ ಬಿಡಿಸುವಾಗ ಸಿಡಿಲು ಬಡಿದು, ಪಕ್ಕದ ಸಾಲಿನಲ್ಲಿದ್ದ ಗೆಳತಿ ಹನುಮವ್ವ ಸತ್ತಿದ್ದಳು. ಅಂದಿನಿಂದ ಯಲ್ಲಮ್ಮ ಹೊಲದ ಕಡೆ ಕಾಲಿಡಲಾರದಾದಳು. ಮೋಡ ಕಂಡರೆ ಮಂಚದ ಕೆಳಗೆ ಸೇರುತ್ತಿದ್ದಳು. ಹೊಲ ಬಿಟ್ಟರೆ ಆ ಮನೆಗೆ ಬೇರೆ ದುಡಿಮೆ ಇರಲಿಲ್ಲ.

ರಾಯಚೂರಿನ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂಡಿಸಿದರೆ ಆಕೆ ಬಾಯಿ ತೆರೆಯಲಿಲ್ಲ. ಕೈಗೆ ಕೆಲಸವಿದ್ದರೆ ನಮ್ಮ ಹೆಂಗಸರಿಗೆ ಮಾತು ತಾನಾಗಿ ಬರುತ್ತದೆಂದು ಸುಜಾತಾಳಿಗೆ ಗೊತ್ತು. ತಾನೇ ಬಸ್ ಹತ್ತಿ ದೇವದುರ್ಗದ ಹತ್ತಿರದ ಆಕೆಯ ಊರಿಗೆ ಹೋಗತೊಡಗಿದಳು. ಮೊದಲು ಶೇಂಗಾ ಸುಲಿಯುತ್ತ ಮಾತು. ಆಮೇಲೆ ಹೊಲ ಕಾಣುವಷ್ಟು ದೂರ ನಡಿಗೆ, ನಂತರ ಬದುವಿನ ತನಕ. ಎದೆ ಹೊಡೆದುಕೊಂಡರೆ ನಿಂತು, ಉಸಿರು ನಿಧಾನಿಸಿ, ಕಾಲಡಿಯ ಮಣ್ಣು ಬಿಸಿಯೋ ತಂಪೋ ಹೇಳಬೇಕು. ತಿರುಗಿ ಹೋಗಬೇಕೆನ್ನಿಸಿದರೆ ತಕರಾರಿಲ್ಲ.

ಮರುವರ್ಷ ಆಕೆ ಹೊಲಕ್ಕಿಳಿಯುವ ದಿನ ನಾನೂ ಜೊತೆಗೆ ಹೋದೆ. ಉಳಿದ ಹೆಂಗಸರು ಆಗಲೇ ಸಾಲು ಹಿಡಿದಿದ್ದರು. ಹನುಮವ್ವನದೆಂದು ಒಂದು ಸಾಲನ್ನು ಹಾಗೇ ಬಿಟ್ಟು, ಅದರ ಪಕ್ಕದ್ದನ್ನು ಯಲ್ಲಮ್ಮನಿಗೆ ಇಟ್ಟಿದ್ದರು.

"ಏನ್ ಬೇ ಯಲ್ಲಿ, ಮ್ಯಾಡಮ್ಮಾರ್ನ ಕರ್ಕೊಂಡ್ ಬಂದೀ? ಅವರಿಗೆ ಉಡಿ ಕಟ್ಟಾಕ ಬರ್ತದೇನು?" ಎಂದು ಒಬ್ಬಳು ಛೇಡಿಸಿದಳು.

"ನಾ ಹತ್ತಿ ಹೊಲದಾಗ ಬೆಳದಾಕೀನರೀ ಯವ್ವಾ," ಎನ್ನುತ್ತಲೇ ಸುಜಾತಾ ಸೆರಗನ್ನು ಸೊಂಟಕ್ಕೆ ಚೀಲದಂತೆ ಕಟ್ಟಿ ಒಂದು ಸಾಲಿಗೆ ನಿಂತಳು.

ಯಲ್ಲಮ್ಮ ಬದುವಿನ ಮೇಲೆ ಬಹಳ ಹೊತ್ತು ನಿಂತಿದ್ದಳು. ಯಾರೂ ಕರೆಯಲಿಲ್ಲ. ಕೊನೆಗೆ ತಾನೇ ಉಡಿ ಕಟ್ಟಿ ಇಳಿದಳು. ಹತ್ತಿ ಬಿಡಿಸುತ್ತ, ಪಕ್ಕದ, ಯಾರೂ ಇಲ್ಲದ ಸಾಲಿನ ಕಡೆ ತಿರುಗಿ ಸಣ್ಣಗೆ ಮಾತಾಡುತ್ತ ಹೋದಳು.

ಆಕೆ ಆಚೆ ಬದು ಮುಟ್ಟಿದಾಗ ಎಲ್ಲರೂ ಕೂಗು ಹಾಕಿದರು. ನಾನೂ ಅಲ್ಲಿಗೆ ಹೋದೆ. ಹನುಮವ್ವನ ಸಾಲು ಬರಿದಾಗಿತ್ತು. ಬೆಳಿಗ್ಗೆ ಬೆಳ್ಳಗಿದ್ದ ಗಿಡಗಳಲ್ಲಿ ಒಡೆದ ಕಾಯಿಯ ಸಿಪ್ಪೆ ಮಾತ್ರ ಉಳಿದಿತ್ತು. ಸಾಲಿನ ತುದಿಯಲ್ಲಿ ಹತ್ತಿಯ ರಾಶಿ.

ಒಬ್ಬೊಬ್ಬರನ್ನೇ ಕೇಳಿದೆ. "ನಮ್ ಸಾಲೇ ನಮಗ ಮುಗುದಿಲ್ರೀ, ಆಕೀದ ಯಾಕ ಹಿಡಿಯೂಣು?" ಎಂದರು. ಯಲ್ಲಮ್ಮನ ಉಡಿಯಲ್ಲಿದ್ದದ್ದು ಆಕೆಯ ಸಾಲಿಗೆ ಸರಿಹೊಂದುವಷ್ಟೇ.

ಯಲ್ಲಮ್ಮ ಹೆದರಲಿಲ್ಲ. ಬಾಗಿ ಆ ರಾಶಿಯನ್ನೂ ಉಡಿಗೆ ತುಂಬಿಕೊಂಡಳು. "ಆಕೀದು ನಂದು ಯಾವಾಗ್ಲೂ ಒಟ್ಟಿಗೇ ತೂಗ್ತಿದ್ರು," ಎಂದಳು.

ಈಗ ಯಲ್ಲಮ್ಮ ನನ್ನ ತಂಗಿಯ ಜೊತೆ ಮಾನ್ವಿಯ ಹಳ್ಳಿಗಳಿಗೂ ಹೋಗುತ್ತಾಳೆ. ತನ್ನಂತೆ ಬೆದರಿದವರ ಪಕ್ಕ ಕುಳಿತು ಶೇಂಗಾ ಸುಲಿಯುತ್ತಾಳೆ. ಇಬ್ಬರ ಬಗ್ಗೆಯೂ ನಾನು ಪತ್ರಿಕೆಯಲ್ಲಿ ಹೆಮ್ಮೆಯಿಂದ ಬರೆದೆ. ಆ ಸಾಲಿನ ವಿಷಯ ಬರೆಯಲಿಲ್ಲ.

"ಆಕಿ ಹೊಲಕ್ಕ ಇಳದಳಲ್ಲ ಅಣ್ಣಾ, ನನಗ ಅಷ್ಟ ಸಾಕು," ಎನ್ನುತ್ತಾಳೆ ಸುಜಾತಾ. ನನಗೆ ಸಾಕಾಗಿಲ್ಲ. ನಾನು ಅಷ್ಟು ಹೊತ್ತೂ ಬದುವಿನ ಮೇಲೆ ನಿಂತು ನೋಡುತ್ತಿದ್ದೆ. ಆ ಸಾಲಿನ ಒಂದು ಗಿಡವೂ ಅಲುಗಿದ್ದನ್ನು ನಾನು ಕಾಣಲಿಲ್ಲ.